ನಾನೂರು ಅಡಿ ನೀರಿನ ಕೆಳಗೆ ಒಂದು ಆಸ್ಪತ್ರೆ ಹಡಗು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ನೀವು ನೌಕಾಪಡೆಯಲ್ಲಿ ಡೈವರ್ ಆಗಿದ್ದವರು, ಸಮುದ್ರದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಅಂದರು. ಸಮುದ್ರ ಬಹಳ ದೊಡ್ಡದು. ಅರ್ಧ ಗಂಟೆಯಲ್ಲಿ ಮುಗಿಯುವಂಥದ್ದಲ್ಲ. ಹಾಗಾಗಿ ಒಂದೇ ಒಂದು ಹಡಗನ್ನು ಆರಿಸಿಕೊಂಡಿದ್ದೇನೆ. ಆ ಹಡಗು ಗ್ರೀಸ್ ದೇಶದ ಸಮುದ್ರದ ತಳದಲ್ಲಿ ಮಲಗಿದೆ. ಹೆಸರು ಬ್ರಿಟಾನಿಕ್. ಅದನ್ನು ಆರಿಸಿಕೊಳ್ಳಲು ಕಾರಣ ಇದೆ. ಮುಳುಗಿದ ಆ ಹಡಗು ಎಲ್ಲಿದೆ ಎಂದು ಪತ್ತೆಯಾದದ್ದು 1975ರಲ್ಲಿ, ಅಂದರೆ ನಮ್ಮ ಶಾಲೆ ಶುರುವಾದ ವರ್ಷ. ಅದರ ಗಂಟೆಯನ್ನು ಮೇಲೆ ತಂದದ್ದು 2025ರ ಮೇ ತಿಂಗಳಲ್ಲಿ, ಅಂದರೆ ನಮ್ಮ ಶಾಲೆಗೆ ಐವತ್ತು ತುಂಬಿದ ವರ್ಷ. ಪತ್ತೆಯಾದ ಮೇಲೆ ಅಧಿಕೃತವಾಗಿ ಒಂದು ಗಂಟೆ ಮೇಲೆ ಬರಲು ಐವತ್ತು ವರ್ಷ ಯಾಕೆ ಬೇಕಾಯಿತು? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಬ್ರಿಟಾನಿಕ್‌ಗೆ ಇಳಿದವನಲ್ಲ. ನನ್ನ ಕೆಲಸ ಬಂದರಿನ ಕೆಸರು ನೀರಿನಲ್ಲಿ, ಹಡಗಿನ ತಳ ನೋಡುವುದು, ಪ್ರೊಪೆಲರಿಗೆ ಸುತ್ತಿಕೊಂಡ ಹಗ್ಗ ಬಿಡಿಸುವುದು, ಇಂಥದ್ದು. ಆದರೆ ನೀರಿನ ಒಳಗಿನ ಲೆಕ್ಕ ಎಲ್ಲ ಡೈವರುಗಳಿಗೂ ಒಂದೇ. ಆ ಲೆಕ್ಕ ಗೊತ್ತಿರುವುದರಿಂದ, ಆ ಆಳಕ್ಕೆ ಹೋದವರ ಕಷ್ಟ ಏನು ಎಂದು ನಿಮಗೆ ಹೇಳಬಲ್ಲೆ.

ಟೈಟಾನಿಕ್ ಹಡಗಿನ ಹೆಸರು ನೀವೆಲ್ಲ ಕೇಳಿದ್ದೀರಿ. ಬ್ರಿಟಾನಿಕ್ ಅದರ ತಂಗಿ. ಒಂದೇ ಕಂಪನಿಗಾಗಿ, ಬೆಲ್‌ಫಾಸ್ಟ್ ಊರಿನ ಒಂದೇ ಕಾರ್ಖಾನೆಯಲ್ಲಿ ಕಟ್ಟಿದ ಮೂರು ಹಡಗುಗಳಲ್ಲಿ ಇದು ಕೊನೆಯದು. ಉದ್ದ 269 ಮೀಟರ್. ಟೈಟಾನಿಕ್ 1912ರಲ್ಲಿ ಮುಳುಗಿದ ಮೇಲೆ ಪಾಠ ಕಲಿತು, ಇದಕ್ಕೆ ಒಳಗೋಡೆಗಳನ್ನು ಇನ್ನೂ ಎತ್ತರ ಮಾಡಿದರು, ಎಂಜಿನ್ ಇರುವ ಕಡೆ ಎರಡು ಪದರದ ಮೈ ಕೊಟ್ಟರು. 1914ರ ಫೆಬ್ರುವರಿಯಲ್ಲಿ ನೀರಿಗಿಳಿಸಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಶ್ರೀಮಂತ ಪ್ರಯಾಣಿಕರನ್ನು ಅಮೆರಿಕಕ್ಕೆ ಕರೆದೊಯ್ಯಬೇಕಾಗಿದ್ದ ಹಡಗು, ಒಂದು ಸಲವೂ ಆ ಕೆಲಸ ಮಾಡಲಿಲ್ಲ. ಬಿಳಿ ಬಣ್ಣ ಬಳಿದು, ಹಸಿರು ಪಟ್ಟಿ ಎಳೆದು, ಕೆಂಪು ಶಿಲುಬೆ ಬರೆದು ಅದನ್ನು ಆಸ್ಪತ್ರೆ ಮಾಡಿದರು. ಗಾಯಗೊಂಡ ಸೈನಿಕರನ್ನು ಇಂಗ್ಲೆಂಡಿಗೆ ತರುವುದು ಅದರ ಕೆಲಸವಾಯಿತು.

1916ರ ನವೆಂಬರ್ 21, ಬೆಳಿಗ್ಗೆ 8 ಗಂಟೆ 12 ನಿಮಿಷ. ಗಾಯಾಳುಗಳನ್ನು ಹತ್ತಿಸಿಕೊಳ್ಳಲು ಲೆಮ್ನಾಸ್ ದ್ವೀಪದ ಕಡೆ ಹೋಗುತ್ತಿದ್ದ ಹಡಗಿನಲ್ಲಿ ಆಗ ರೋಗಿಗಳಿರಲಿಲ್ಲ. ವೈದ್ಯರು, ದಾದಿಯರು, ನಾವಿಕರು ಸೇರಿ ಸಾವಿರಕ್ಕೂ ಹೆಚ್ಚು ಜನ ಇದ್ದರು. ಕೇಯಾ ಎಂಬ ದ್ವೀಪದ ಪಕ್ಕದಲ್ಲಿ ಮುಂಭಾಗದ ಬಲಗಡೆ ದೊಡ್ಡ ಸ್ಫೋಟ ಆಯಿತು. ಜರ್ಮನಿಯ ಯು-73 ಎಂಬ ಜಲಾಂತರ್ಗಾಮಿ ಕೆಲವು ವಾರಗಳ ಹಿಂದೆ ಅಲ್ಲಿ ಮೈನುಗಳನ್ನು ಇಟ್ಟು ಹೋಗಿತ್ತು. ನೆಲದಲ್ಲಿ ನೆಲಬಾಂಬ್ ಹೂಳುತ್ತಾರಲ್ಲ, ಹಾಗೆ ನೀರಿನಲ್ಲಿ ಭಾರ ಕಟ್ಟಿ ತೇಲಿಬಿಡುವ ಬಾಂಬು ಅದು. ವಾರ್ಡುಗಳಿಗೆ ಗಾಳಿ ಬರಲಿ ಎಂದು ಕೆಳಗಿನ ದುಂಡು ಕಿಟಕಿಗಳನ್ನು ತೆರೆದಿಟ್ಟಿದ್ದರು. ಹಡಗು ವಾಲಿದಂತೆ ಆ ಕಿಟಕಿಗಳಿಂದಲೂ ನೀರು ನುಗ್ಗಿತು. ಕ್ಯಾಪ್ಟನ್ ಬಾರ್ಟ್ಲೆಟ್ ಹಡಗನ್ನು ಹೇಗಾದರೂ ದಡ ಮುಟ್ಟಿಸಬೇಕೆಂದು ಕೇಯಾದ ಕಡೆ ಓಡಿಸಿದರು. ಅದೇ ಹೊತ್ತಿಗೆ ಅಪ್ಪಣೆ ಇಲ್ಲದೆ ಎರಡು ಜೀವರಕ್ಷಕ ದೋಣಿಗಳನ್ನು ಇಳಿಸಿಬಿಟ್ಟರು. ಹಡಗಿನ ಹಿಂಭಾಗ ಮೇಲೆದ್ದು ಪ್ರೊಪೆಲರ್ ಇನ್ನೂ ತಿರುಗುತ್ತಿತ್ತು. ಎರಡೂ ದೋಣಿಗಳನ್ನು ಅದು ಎಳೆದುಕೊಂಡಿತು.

55 ನಿಮಿಷದಲ್ಲಿ ಹಡಗು ಮುಳುಗಿತು. ಸತ್ತವರು 30 ಜನ. ಹೆಚ್ಚಿನವರು ಆ ಎರಡು ದೋಣಿಗಳಲ್ಲಿದ್ದವರು. ಹೆಚ್ಚಿನವರ ದೇಹ ಸಿಗಲೇ ಇಲ್ಲ. ಉಳಿದವರೆಲ್ಲ ಬದುಕಿದರು. ಮೊದಲು ನೆರವಿಗೆ ಬಂದವರಲ್ಲಿ ಕೇಯಾದ ಮೀನುಗಾರರೂ ಇದ್ದರು. ಬದುಕಿದವರಲ್ಲಿ ವಯೊಲೆಟ್ ಜೆಸಪ್ ಎಂಬ ಹೆಣ್ಣುಮಗಳು ಒಬ್ಬರು. ಟೈಟಾನಿಕ್ ಮುಳುಗಿದಾಗಲೂ ಆಕೆ ಅದರಲ್ಲಿದ್ದರು. ಇಲ್ಲಿ ಪ್ರೊಪೆಲರಿನ ಬಾಯಿಗೆ ಹೋಗುತ್ತಿದ್ದ ದೋಣಿಯಿಂದ ನೀರಿಗೆ ಹಾರಿ, ತಲೆಗೆ ಪೆಟ್ಟು ತಿಂದು, ಎರಡನೆಯ ಸಲ ಬದುಕಿ ಬಂದರು.

ಇನ್ನು ಆಳದ ವಿಷಯ. ಬ್ರಿಟಾನಿಕ್ ಇರುವುದು ಸುಮಾರು 120 ಮೀಟರ್ ಆಳದಲ್ಲಿ. ನಮ್ಮ ಲೆಕ್ಕದಲ್ಲಿ ನಾನೂರು ಅಡಿ ಬೋರ್‌ವೆಲ್. ನಮ್ಮ ಕಡೆ ಈಗ ನಾನೂರು ಅಡಿಗೆ ನೀರು ಸಿಕ್ಕಿದರೆ ಪುಣ್ಯವಂತ ಅನ್ನುತ್ತೇವೆ. ಅಷ್ಟು ಆಳ ಪೂರ್ತಿ ನೀರೇ ತುಂಬಿದೆ ಎಂದುಕೊಳ್ಳಿ, ಅದರ ತಳದಲ್ಲಿ ಹಡಗು ಬಲಮಗ್ಗುಲಾಗಿ ಮಲಗಿದೆ. ಒಂದು ವಿಚಿತ್ರ ನೋಡಿ: ಹಡಗಿನ ಉದ್ದ ನೀರಿನ ಆಳಕ್ಕಿಂತ ಎರಡರಷ್ಟಿದೆ. ಹಾಗಾಗಿ ಮೂತಿ ತಳಕ್ಕೆ ಬಡಿದಾಗ ಬಾಲ ಇನ್ನೂ ನೀರಿನ ಮೇಲೇ ಇತ್ತು.

ಟೈಟಾನಿಕ್ ಇರುವುದು 3,800 ಮೀಟರ್ ಆಳದಲ್ಲಿ. ಅಲ್ಲಿಗೆ ಮನುಷ್ಯ ಈಜಿಕೊಂಡು ಹೋಗುವ ಮಾತೇ ಇಲ್ಲ, ಯಂತ್ರದೊಳಗೆ ಕೂತು ಹೋಗಬೇಕು. ಬ್ರಿಟಾನಿಕ್ ಹಾಗಲ್ಲ. ಮೈಮೇಲೆ ಸಿಲಿಂಡರ್ ಹೊತ್ತ ಮನುಷ್ಯ ಅಲ್ಲಿಗೆ ಹೋಗಬಹುದು, ಆದರೆ ಸುಲಭವಾಗಿ ಹೋಗಲಾಗದು. ಹೋಗಬಹುದು ಅನ್ನುವ ಆಸೆ ಇರುವುದರಿಂದಲೇ ಅಪಾಯ ಹೆಚ್ಚು.

ಅಲ್ಲಿಗೆ ಹೋಗುವವರಿಗೆ ಎರಡು ಥರದ ಕಟ್ಟುಪಾಡುಗಳಿವೆ. ಒಂದು ನೀರು ಹಾಕುವುದು, ಇನ್ನೊಂದು ಮನುಷ್ಯರು ಹಾಕುವುದು. ಮೊದಲು ನೀರಿನದು.

ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ನಮ್ಮ ತಲೆಯ ಮೇಲಿನ ಇಡೀ ವಾಯುಮಂಡಲದಷ್ಟೇ ಭಾರ ಇನ್ನೊಂದು ಸಲ ಸೇರುತ್ತದೆ. 120 ಮೀಟರಿನಲ್ಲಿ ಒತ್ತಡ ಹದಿಮೂರು ಪಟ್ಟು. ಉಸಿರಾಡುವ ಗಾಳಿಯೂ ಅದೇ ಒತ್ತಡದಲ್ಲಿ ಬರಬೇಕು, ಇಲ್ಲದಿದ್ದರೆ ಎದೆ ಹಿಗ್ಗಿಸಲು ಆಗುವುದಿಲ್ಲ. ಅಲ್ಲಿಂದಲೇ ತೊಂದರೆ ಶುರು.

ಗಾಳಿಯಲ್ಲಿ ಹೆಚ್ಚು ಪಾಲು ಸಾರಜನಕ ಎಂದು ನೀವು ಓದಿದ್ದೀರಿ. ಇಲ್ಲಿ ಅದು ಸಾಧು. ಮೂವತ್ತು ಮೀಟರ್ ದಾಟಿದ ಮೇಲೆ ಅದು ಹೆಂಡದ ಕೆಲಸ ಮಾಡುತ್ತದೆ. ನಮಗೆ ಕೊಚ್ಚಿಯಲ್ಲಿ ತರಬೇತಿ ಕೊಡುವಾಗ ಕಬ್ಬಿಣದ ಕೋಣೆಯೊಳಗೆ ಕೂರಿಸಿ ಗಾಳಿಯ ಒತ್ತಡ ಏರಿಸುತ್ತಿದ್ದರು. ನೀರಿಲ್ಲ, ಅಪಾಯವಿಲ್ಲ, ಕೂತಲ್ಲೇ ಕೂತಿದ್ದೇವೆ. ಐವತ್ತು ಮೀಟರಿನ ಒತ್ತಡ ಬಂದಾಗ ಎಲ್ಲರಿಗೂ ಕಾರಣವಿಲ್ಲದೆ ನಗು. ಧ್ವನಿ ಮೂಗಿನಿಂದ ಬರುತ್ತದೆ. ಸಿಳ್ಳೆ ಹಾಕಿ ನೋಡು ಅಂದರೆ ಸಿಳ್ಳೆ ಬರುವುದಿಲ್ಲ, ಗಾಳಿ ಅಷ್ಟು ಮಂದವಾಗಿರುತ್ತದೆ. ಕೈಗೆ ಪೆನ್ಸಿಲ್ ಕೊಟ್ಟು ಎರಡಂಕಿಯ ಕೂಡುವ ಲೆಕ್ಕ ಮಾಡಿಸುತ್ತಿದ್ದರು. ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗನೂ ತಡವರಿಸುತ್ತಿದ್ದ. ಇನ್ನೂ ಒಂದು ವಿಷಯ, ತನಗೆ ಏನೋ ಆಗಿದೆ ಎಂದು ಅವನಿಗೆ ಅನಿಸುತ್ತಲೇ ಇರಲಿಲ್ಲ. ಇದು ಐವತ್ತು ಮೀಟರಿನ ಕಥೆ. ಬ್ರಿಟಾನಿಕ್ ಅದಕ್ಕಿಂತ ಎರಡು ಪಟ್ಟು ಆಳದಲ್ಲಿದೆ.

ಸರಿ, ಸಾರಜನಕ ಬೇಡ, ಆಮ್ಲಜನಕವನ್ನೇ ಉಸಿರಾಡೋಣ ಅಂದರೆ ಅದೂ ಆಗದು. ಒತ್ತಡ ಹೆಚ್ಚಾದರೆ ಆಮ್ಲಜನಕವೇ ವಿಷ. ಫ್ರಾನ್ಸಿನ ಪಾಲ್ ಬೆರ್ ಎಂಬ ವಿಜ್ಞಾನಿ 1878ರಲ್ಲೇ ಇದನ್ನು ತೋರಿಸಿದ್ದರು. ಮೂರ್ಛೆರೋಗದವರಂತೆ ಕೈಕಾಲು ಸೆಳೆದುಕೊಳ್ಳುತ್ತದೆ. ನೆಲದ ಮೇಲಾದರೆ ಹಿಡಿದುಕೊಳ್ಳುವವರಿರುತ್ತಾರೆ. ನೀರಿನೊಳಗೆ ಬಾಯಿಂದ ಕೊಳವೆ ಜಾರಿದರೆ ಮುಗಿಯಿತು. ನಾವು ಈಗ ಉಸಿರಾಡುತ್ತಿರುವ ಇದೇ ಗಾಳಿಯನ್ನು 120 ಮೀಟರಿನಲ್ಲಿ ಉಸಿರಾಡಿದರೆ ಅದರಲ್ಲಿನ ಆಮ್ಲಜನಕ ಮಿತಿ ದಾಟಿರುತ್ತದೆ.

ಅದಕ್ಕೇ ಅವರು ಬೇರೆ ಗಾಳಿ ಬೆರೆಸಿಕೊಳ್ಳುತ್ತಾರೆ. ಆಮ್ಲಜನಕ ನೂರಕ್ಕೆ ಹತ್ತರ ಆಸುಪಾಸು, ಉಳಿದದ್ದರಲ್ಲಿ ಹೆಚ್ಚು ಪಾಲು ಹೀಲಿಯಂ. ಜಾತ್ರೆಯ ಬಲೂನಿಗೆ ತುಂಬುತ್ತಾರಲ್ಲ, ಅದೇ. ಹೀಲಿಯಂ ಅಮಲೇರಿಸುವುದಿಲ್ಲ. ಆದರೆ ತಳಕ್ಕೆ ಸರಿಹೋಗುವ ಆ ಮಿಶ್ರಣವನ್ನು ನೀರಿನ ಮೇಲೆ ಉಸಿರಾಡಿದರೆ ಆಮ್ಲಜನಕ ಸಾಲದೆ ಎಚ್ಚರ ತಪ್ಪಬಹುದು. ಒಂದು ಆಳದಲ್ಲಿ ಪ್ರಾಣ ಉಳಿಸುವ ಸಿಲಿಂಡರ್ ಇನ್ನೊಂದು ಆಳದಲ್ಲಿ ಪ್ರಾಣ ತೆಗೆಯುತ್ತದೆ. ಹಾಗಾಗಿ ಪ್ರತಿ ಸಿಲಿಂಡರಿನ ಮೇಲೂ ಅದನ್ನು ಎಷ್ಟು ಆಳದವರೆಗೆ ಬಳಸಬಹುದು ಎಂದು ದೊಡ್ಡ ಅಂಕಿಯಲ್ಲಿ ಬರೆದಿರುತ್ತಾರೆ. ಬಾಯಿ ಹಚ್ಚುವ ಮುಂಚೆ ಅದನ್ನು ಓದಲೇಬೇಕು.

ಇನ್ನು ಗಾಳಿ ಎಷ್ಟು ಬೇಕು? ಮಕ್ಕಳೇ, ಇದನ್ನು ನೀವೇ ಲೆಕ್ಕ ಹಾಕಿ. ಸಾಧಾರಣ ಸಿಲಿಂಡರ್ 12 ಲೀಟರಿನದು, ಅದರಲ್ಲಿ ಇನ್ನೂರು ಪಟ್ಟು ಒತ್ತಿ ತುಂಬಿದರೆ 2,400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ನೆಲದ ಮೇಲೆ ಎರಡು ಗಂಟೆ ಬರುತ್ತದೆ. ಹದಿಮೂರು ಪಟ್ಟು ಒತ್ತಡದಲ್ಲಿ ಅದೇ ಉಸಿರಿಗೆ ನಿಮಿಷಕ್ಕೆ 260 ಲೀಟರ್ ಬೇಕು. ಸಿಲಿಂಡರ್ ಒಂಬತ್ತು ನಿಮಿಷಕ್ಕೆ ಖಾಲಿ. ಅದಕ್ಕೇ ಈಗಿನವರು ರೀಬ್ರೀದರ್ ಎಂಬ ಯಂತ್ರ ಬಳಸುತ್ತಾರೆ. ನಾವು ಬಿಟ್ಟ ಉಸಿರನ್ನು ಅದು ನೀರಿಗೆ ಬಿಡುವುದಿಲ್ಲ. ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ಸುಣ್ಣದಂಥ ಪುಡಿಯಿಂದ ಹೀರಿ, ಖರ್ಚಾದಷ್ಟೇ ಆಮ್ಲಜನಕ ಸೇರಿಸಿ ವಾಪಸು ಕೊಡುತ್ತದೆ. ಒಳ್ಳೆಯ ಯಂತ್ರ. ಆದರೆ ಯಂತ್ರ ಅಂದ ಮೇಲೆ ಕೆಡಬಹುದು. ಕೆಟ್ಟರೆ ಮೇಲೆ ಬರುವಷ್ಟು ಬೇರೆ ಗಾಳಿಯನ್ನೂ ಹೊತ್ತುಕೊಂಡೇ ಇಳಿಯಬೇಕು.

ಇಷ್ಟೆಲ್ಲ ಇಳಿಯುವುದಕ್ಕೆ ಬೇಕಾದ ಸಿದ್ಧತೆ. ಇದಕ್ಕಿಂತ ಕಷ್ಟದ ಭಾಗ ಮೇಲೆ ಬರುವುದು.

ಗೋಲಿ ಸೋಡಾ ನೋಡಿದ್ದೀರಿ. ಗೋಲಿ ಒತ್ತುವ ತನಕ ನೀರು ತಣ್ಣಗೆ ಇರುತ್ತದೆ. ಒತ್ತಿದ ತಕ್ಷಣ ಬುಸ್ ಎಂದು ಗುಳ್ಳೆ ಏಳುತ್ತದೆ. ಆಳದಲ್ಲಿ ನಮ್ಮ ರಕ್ತ, ಮಾಂಸ, ಕೀಲು ಎಲ್ಲದರೊಳಗೂ ಗಾಳಿ ಕರಗಿ ಕೂತಿರುತ್ತದೆ. ಥಟ್ಟನೆ ಮೇಲೆ ಬಂದರೆ ಮೈಯೇ ಸೋಡಾ ಬಾಟಲಿ. ಗುಳ್ಳೆ ಕೀಲಿನಲ್ಲಿ ಎದ್ದರೆ ನೋವು, ಬೆನ್ನುಹುರಿಯಲ್ಲಿ ಎದ್ದರೆ ಕಾಲು ಹೋಗುತ್ತದೆ, ಇನ್ನೂ ಮೇಲೆ ಎದ್ದರೆ ಪ್ರಾಣವೇ ಹೋಗಬಹುದು. ಇದಕ್ಕೆ ದಾರಿ ಹುಡುಕಿದವರು ಹಾಲ್ಡೇನ್ ಎಂಬ ವಿಜ್ಞಾನಿ. ಬ್ರಿಟಿಷ್ ನೌಕಾಪಡೆಗಾಗಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿ, ಹಂತ ಹಂತವಾಗಿ ನಿಂತು ನಿಂತು ಮೇಲೆ ಬರಬೇಕು ಎಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದರು. ಲೆಕ್ಕ ಈಗ ಸೂಕ್ಷ್ಮವಾಗಿದೆ, ಕಂಪ್ಯೂಟರ್ ಮಾಡುತ್ತದೆ. ತತ್ವ ಮಾತ್ರ ಆ ಮೇಕೆಗಳ ಕಾಲದ್ದೇ.

ಬ್ರಿಟಾನಿಕ್‌ನ ತಳಕ್ಕೆ ಇಳಿಯಲು ಐದಾರು ನಿಮಿಷ ಸಾಕು. ಅಲ್ಲಿ ಇರಬಹುದಾದದ್ದು ಇಪ್ಪತ್ತು, ಹೆಚ್ಚೆಂದರೆ ಮೂವತ್ತು ನಿಮಿಷ. ಮೇಲೆ ಬರಲು ನಾಲ್ಕೈದು ಗಂಟೆ. ಕೊನೆಯ ನಿಲುಗಡೆ ನೀರಿನ ಮಟ್ಟಕ್ಕೆ ಆರು ಮೀಟರ್ ಕೆಳಗೆ, ಅದೇ ಎಲ್ಲಕ್ಕಿಂತ ಉದ್ದದ್ದು. ಆರು ಮೀಟರ್ ಅಂದರೆ ನಮ್ಮ ತೆಂಗಿನ ಮರದ ಅರ್ಧ ಎತ್ತರವೂ ಅಲ್ಲ. ತಲೆ ಎತ್ತಿದರೆ ದೋಣಿಯ ತಳ ಕಾಣುತ್ತದೆ, ಬಿಸಿಲು ಕಾಣುತ್ತದೆ. ಮೈ ನಡುಗುತ್ತಿರುತ್ತದೆ. ಹೋಗುವಂತಿಲ್ಲ. ಗಾಬರಿಯಾದರೂ, ಯಂತ್ರ ಕೆಟ್ಟರೂ, ಜೊತೆಗಾರನಿಗೆ ಏನಾದರೂ ಆದರೂ, ಮೇಲಕ್ಕೆ ಓಡಿಬರುವ ದಾರಿ ಇಲ್ಲ. ತಲೆಯ ಮೇಲೆ ಕಾಣದ ಒಂದು ಛಾವಣಿ ಇದ್ದ ಹಾಗೆ.

ಇದರ ಜೊತೆಗೆ ಕೇಯಾದ ನೀರಿನ ಸ್ವಭಾವ. ಅಲ್ಲಿ ಸೆಳೆತ ಜೋರು. ಏಜಿಯನ್ ಸಮುದ್ರದಲ್ಲಿ ಬೇಸಿಗೆಯಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಬೀಸುತ್ತದೆ, ಬೀಸಿತೆಂದರೆ ದಿನಗಟ್ಟಲೆ ದಡದಲ್ಲಿ ಕೂರಬೇಕು. ಅದು ಹಡಗುಗಳು ಓಡಾಡುವ ದಾರಿಯೂ ಹೌದು. ಕೆಳಗೆ ಹಗ್ಗ ಹಿಡಿದು ಗಂಟೆಗಟ್ಟಲೆ ನೇತಾಡುತ್ತಿರುವ ಮನುಷ್ಯರು, ಮೇಲೆ ದೊಡ್ಡ ಹಡಗುಗಳು. ಇಬ್ಬರು ಇಳಿಯಬೇಕಾದರೆ ಅವರಿಗಾಗಿ ನೀರಿನ ನಡುವೆ ಕಾಯುವವರು, ದೋಣಿಯ ಮೇಲೆ ಗಡಿಯಾರ ನೋಡುವವರು, ವೈದ್ಯರು, ಗಾಳಿ ಬೆರೆಸುವವರು ಹೀಗೆ ದೊಡ್ಡ ತಂಡವೇ ಬೇಕು.

ಇದು ನೀರಿನ ಕಟ್ಟುಪಾಡು. ಇದನ್ನು ಯಾವ ಅರ್ಜಿ ಕೊಟ್ಟೂ ಸಡಿಲಿಸಲಾಗದು. 2003ರಲ್ಲಿ ಬ್ರಿಟಾನಿಕ್‌ಗೆ ಹೋದ ದೊಡ್ಡ ತಂಡದ ನಾಯಕ ಕಾರ್ಲ್ ಸ್ಪೆನ್ಸರ್ ಎಂಬ ಬ್ರಿಟಿಷ್ ಡೈವರ್. ಆ ಹಡಗನ್ನು ಬಲ್ಲವರಲ್ಲಿ ಮುಂದಿನ ಸಾಲಿನವರು. 2009ರ ಮೇ ತಿಂಗಳಲ್ಲಿ ಮತ್ತೆ ಅಲ್ಲಿಗೆ ಹೋದಾಗ ಪ್ರಾಣ ಕಳೆದುಕೊಂಡರು. ಹತ್ತು ವರ್ಷದ ನಂತರ, 2019ರಲ್ಲಿ, ಇನ್ನೊಬ್ಬ ಬ್ರಿಟಿಷ್ ಡೈವರ್ ಅಲ್ಲೇ ತೀರಿಕೊಂಡರು. ಅನುಭವ ಇದ್ದರೆ ನೀರು ರಿಯಾಯಿತಿ ಕೊಡುತ್ತದೆ ಎಂದು ಯಾರೂ ತಿಳಿಯಬೇಡಿ.

ಇನ್ನು ಮನುಷ್ಯರ ಕಟ್ಟುಪಾಡು. 1975ರ ಡಿಸೆಂಬರಿನಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೊ ಅವರು ಶಬ್ದತರಂಗದ ಯಂತ್ರದಿಂದ ಈ ಹಡಗನ್ನು ಪತ್ತೆ ಮಾಡಿದರು. ಬ್ರಿಟಿಷರ ನಕ್ಷೆಯಲ್ಲಿ ಗುರುತು ಮಾಡಿದ್ದ ಜಾಗದಿಂದ ಹಲವು ಮೈಲಿ ಆಚೆ ಸಿಕ್ಕಿತು. ಮರುವರ್ಷ ಅವರ ತಂಡ ಹೀಲಿಯಂ ಬೆರೆಸಿದ ಗಾಳಿ ಉಸಿರಾಡಿ ಇಳಿಯಿತು. 1916ರಲ್ಲಿ ಅದೇ ಹಡಗಿನಲ್ಲಿ ದಾದಿಯಾಗಿದ್ದ ಶೀಲಾ ಮ್ಯಾಕ್‌ಬೆತ್ ಎಂಬ ಎಂಬತ್ತು ದಾಟಿದ ಅಜ್ಜಿ ಕೂಸ್ಟೊ ಅವರ ಹಡಗಿಗೆ ಬಂದಿದ್ದರು. ಅರವತ್ತು ವರ್ಷದ ಹಿಂದೆ ತನ್ನ ಕಣ್ಣೆದುರಿಗೇ ಮುಳುಗಿದ ಹಡಗು ಅವರ ಕಾಲ ಕೆಳಗೆ ಇತ್ತು.

ಹಡಗಿಗೆ ಒಡೆಯರೂ ಇದ್ದಾರೆ. ಬ್ರಿಟನ್ನಿನ ಸೈಮನ್ ಮಿಲ್ಸ್ ಎಂಬ ಇತಿಹಾಸಕಾರರು 1996ರಲ್ಲಿ ಅದನ್ನು ಕೊಂಡರು. ಕೊಂಡರೂ ಅದು ಇರುವುದು ಗ್ರೀಸ್ ದೇಶದ ನೀರಿನಲ್ಲಿ. ಮುಳುಗಿ ಐವತ್ತು ವರ್ಷ ದಾಟಿದ ಹಡಗು, ವಿಮಾನಗಳೆಲ್ಲ ಸಾಂಸ್ಕೃತಿಕ ಸ್ಮಾರಕಗಳು, ಅವುಗಳ ಸುತ್ತ 300 ಮೀಟರ್ ರಕ್ಷಿತ ವಲಯ ಎಂದು ಗ್ರೀಸ್ ಸರ್ಕಾರ 2003ರಲ್ಲಿ ಆದೇಶ ಹೊರಡಿಸಿತು. ಹಳೇಬೀಡಿನಲ್ಲಿ ನೀಲಿ ಫಲಕ ಇರುತ್ತದಲ್ಲ, ಸಂರಕ್ಷಿತ ಸ್ಮಾರಕ ಎಂದು, ಅದರಂತೆಯೇ ಎಂದುಕೊಳ್ಳಿ. ಬ್ರಿಟಾನಿಕ್‌ಗೆ ಹೊರಟ ತಂಡಗಳು ಅಲ್ಲಿನ ಸಂಸ್ಕೃತಿ ಸಚಿವಾಲಯದ ಜಲಾಂತರ್ಗತ ಪುರಾತತ್ವ ವಿಭಾಗದಿಂದ ಅನುಮತಿ ಪಡೆಯಬೇಕು, ಒಡೆಯರ ಒಪ್ಪಿಗೆ ಪಡೆಯಬೇಕು, ಕರಾವಳಿ ಕಾವಲಿನವರಿಗೆ ತಿಳಿಸಬೇಕು. ಕೆಲವು ತಂಡಗಳಿಗೆ ಹಡಗಿನ ಒಳಗೆ ಹೋಗಲು ಒಪ್ಪಿಗೆ ಸಿಕ್ಕಿದೆ, ಕೆಲವಕ್ಕೆ ಹೊರಗಿಂದ ನೋಡಿ ಬರಲು ಮಾತ್ರ. ಅನುಮತಿ ಇಲ್ಲದೆ ಏನನ್ನೂ ಎತ್ತುವಂತಿಲ್ಲ.

ಇದನ್ನು ಕೇಳಿ ಡೈವರುಗಳಲ್ಲೇ ಗೊಣಗುವವರಿದ್ದಾರೆ. ನಮ್ಮ ಪ್ರಾಣ, ನಮ್ಮ ದುಡ್ಡು, ಅಪಾಯ ನಮ್ಮದು, ಕಾಗದ ಮಾತ್ರ ಇವರದ್ದಾ ಎಂದು. ಉಪ್ಪುನೀರು ದಿನಾ ಕಬ್ಬಿಣ ತಿನ್ನುತ್ತಿದೆ, ಈಗಲೇ ತೆಗೆಯದಿದ್ದರೆ ಮುಂದೆ ತೆಗೆಯಲು ಏನಿರುತ್ತದೆ ಎಂದು ಕೇಳುವವರೂ ಇದ್ದಾರೆ. ಮಾತು ಸುಳ್ಳಲ್ಲ. ಇವತ್ತು ಬೆಳಿಗ್ಗೆ ಒಂಬತ್ತನೇ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ, "ಸಾರ್, ಅದರಲ್ಲಿ ಚಿನ್ನ ಇದೆಯಾ? ಇದ್ದರೆ ಯಾಕೆ ತೆಗೀತಿಲ್ಲ?" ಒಳ್ಳೆಯ ಪ್ರಶ್ನೆ. ಅದು ಆಸ್ಪತ್ರೆ ಹಡಗು. ಇದ್ದದ್ದು ಮಂಚ, ಹಾಸಿಗೆ, ಔಷಧಿ, ತಟ್ಟೆ, ದೀಪ. ಹಾಗಾದರೆ ಅದರಲ್ಲಿ ಬೆಲೆ ಬಾಳುವುದು ಏನು?

ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹಡಗು ಮುಳುಗಿದ ದಿನದಿಂದ ಒಂದು ಜಗಳ ಇತ್ತು. ಅದಕ್ಕೆ ತಗಲಿದ್ದು ಮೈನಾ, ಅಥವಾ ಜರ್ಮನ್ನರು ನೇರವಾಗಿ ಗುರಿ ಇಟ್ಟು ಬಿಟ್ಟ ಟಾರ್ಪಿಡೊ? ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಮೈನ್ ಯಾರನ್ನೂ ಗುರುತಿಸುವುದಿಲ್ಲ. ಟಾರ್ಪಿಡೊ ಆಗಿದ್ದರೆ, ಕೆಂಪು ಶಿಲುಬೆ ನೋಡಿಯೂ ಆಸ್ಪತ್ರೆಗೆ ಹೊಡೆದರು ಎಂದಾಗುತ್ತದೆ. ಬದುಕಿದವರಲ್ಲೇ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳಿದರು. 2003ರ ತಂಡ ಸಮುದ್ರದ ತಳದಲ್ಲಿ ಮೈನುಗಳನ್ನು ಕಟ್ಟಿದ್ದ ಭಾರದ ಲಂಗರುಗಳನ್ನು ಪತ್ತೆ ಹಚ್ಚಿತು. ಜರ್ಮನ್ ಜಲಾಂತರ್ಗಾಮಿಯ ದಾಖಲೆಗೆ ಅದು ತಾಳೆಯಾಯಿತು. ಅದೇ ತಂಡಕ್ಕೆ ಹಡಗಿನೊಳಗೆ ನೀರು ತಡೆಯುವ ಬಾಗಿಲುಗಳಲ್ಲಿ ಕೆಲವು ತೆರೆದೇ ಇದ್ದದ್ದು ಕಂಡಿತು. ಟೈಟಾನಿಕ್‌ಗಿಂತ ಗಟ್ಟಿ ಎಂದು ಕಟ್ಟಿದ ಹಡಗು ಅದಕ್ಕಿಂತ ಬೇಗ ಯಾಕೆ ಮುಳುಗಿತು ಎಂಬುದಕ್ಕೆ ಅಲ್ಲಿ ಒಂದು ಸುಳಿವು ಸಿಕ್ಕಿತು.

ಯೋಚಿಸಿ. 87 ವರ್ಷ ಆ ಕಬ್ಬಿಣದ ತುಂಡುಗಳು ಇದ್ದಲ್ಲೇ ಇದ್ದವು. ಯಾರೋ ಗುಜರಿಗೆಂದು ಎತ್ತಿದ್ದರೆ, ನೆನಪಿಗೆಂದು ಒಬ್ಬೊಬ್ಬರು ಒಂದೊಂದು ಬಾಗಿಲು ಕಿತ್ತಿದ್ದರೆ, ಸತ್ಯ ಹೇಳಲು ಸಾಕ್ಷಿಯೇ ಇರುತ್ತಿರಲಿಲ್ಲ. ನಮ್ಮ ಕಡೆ ಇದು ನಮಗೆ ಗೊತ್ತಿರುವ ಸಂಗತಿ. ನಿಧಿಗಳ್ಳರು ಹಾಳು ಗುಡಿಯ ಕಲ್ಲು ಎಬ್ಬಿಸಿ, ವೀರಗಲ್ಲು ಕೆಡವಿ ಗುಂಡಿ ತೋಡುತ್ತಾರೆ. ಅವರಿಗೆ ಏನೂ ಸಿಗುವುದಿಲ್ಲ. ಆ ಕಲ್ಲು ಯಾರ ಹೆಸರಿನದು, ಯಾವ ಹಸುಗಳನ್ನು ಬಿಡಿಸಲು ಸತ್ತವನದು ಎಂಬುದು ಮಾತ್ರ ನಮಗೆ ಶಾಶ್ವತವಾಗಿ ಹೋಗುತ್ತದೆ. ನೀರೊಳಗಿನ ಪರಂಪರೆಯ ಬಗ್ಗೆ ಯುನೆಸ್ಕೊ 2001ರಲ್ಲಿ ಮಾಡಿದ ಒಪ್ಪಂದವೂ ಇದನ್ನೇ ಹೇಳುತ್ತದೆ: ಮೊದಲು ಇದ್ದಲ್ಲೇ ಉಳಿಸಲು ನೋಡಿ, ಎತ್ತುವುದು ಆಮೇಲಿನ ಮಾತು.

ಇನ್ನೊಂದು ಕಾರಣ ನೌಕಾಪಡೆಯಲ್ಲಿದ್ದವನಿಗೆ ಬೇಗ ಅರ್ಥವಾಗುತ್ತದೆ. 1971ರ ಯುದ್ಧದಲ್ಲಿ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದ ಹತ್ತಿರ ಮುಳುಗಿತು. ಒಳಗೆ 93 ಜನ ಇದ್ದರು. ನಮ್ಮ ನೌಕಾಪಡೆಯ ಹೊಸ ಯಂತ್ರ ಅದನ್ನು ಗುರುತಿಸಿದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಸತ್ತವರಿಗೆ ಗೌರವ ಕೊಟ್ಟು ಅದನ್ನು ಮುಟ್ಟದೆ ಬಿಟ್ಟರು. ಅದೇ ಯುದ್ಧದಲ್ಲಿ ನಮ್ಮ ಖುಕ್ರಿ ಹಡಗು ದಿಯು ಹತ್ತಿರ ಮುಳುಗಿ 18 ಅಧಿಕಾರಿಗಳು, 176 ನಾವಿಕರು ಹೋದರು. ನಮ್ಮವರು ಮಲಗಿರುವ ಜಾಗವನ್ನು ಬೇರೆಯವರು ಹೇಗೆ ನೋಡಬೇಕು ಎಂದು ಬಯಸುತ್ತೇವೋ, ಬೇರೆಯವರ ಜಾಗವನ್ನೂ ಹಾಗೇ ನೋಡಬೇಕಲ್ಲವೇ? ಬ್ರಿಟಾನಿಕ್‌ನ ಆ ಮೂವತ್ತು ಜನರಿಗೂ ಎಲ್ಲೋ ಒಂದು ಮನೆ ಇತ್ತು.

ಹಾಗಾದರೆ 2025ರಲ್ಲಿ ಗಂಟೆ ಎತ್ತಿದ್ದು ಸರಿಯೇ ಎಂದು ಕೇಳಬಹುದು. ನನ್ನ ಪ್ರಕಾರ ಸರಿ. ಅದನ್ನು ಹೇಗೆ ಎತ್ತಿದರು ಎಂಬುದೇ ಕಾರಣ. ಒಡೆಯರೇ ಮುಂದೆ ನಿಂತು ತಂಡ ಕಟ್ಟಿದರು, ಗ್ರೀಸ್ ಸರ್ಕಾರದ ಪುರಾತತ್ವ ವಿಭಾಗ ಮೇಲ್ವಿಚಾರಣೆ ಮಾಡಿತು. ರೀಬ್ರೀದರ್ ಬಳಸುವ ಹನ್ನೊಂದು ಮಂದಿ ನುರಿತ ಡೈವರುಗಳು ಇಳಿದರು. ಗಾಳಿ ತುಂಬುವ ಚೀಲ ಕಟ್ಟಿ ವಸ್ತುಗಳನ್ನು ಮೇಲೆ ತಂದರು. ಕಾವಲುಗಾರನ ಗಂಟೆ, ಹಡಗಿನ ಎಡಬದಿಯ ದೀಪ, ಒಂದು ದುರ್ಬೀನು, ಸ್ನಾನಗೃಹದ ಬಣ್ಣದ ಹೆಂಚುಗಳು, ಒಂದು ಬೇಸಿನ್ನು. ಎಲ್ಲವೂ ಅಥೆನ್ಸಿನ ಪ್ರಯೋಗಾಲಯಕ್ಕೆ ಹೋದವು. ಮುಂದೆ ಪಿರೇಯಸ್ ಬಂದರಿನ ಹೊಸ ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ನೋಡುವಂತೆ ಇಡುತ್ತಾರೆ. ಯಾರ ಮನೆಯ ಶೋಕೇಸಿಗೂ ಹೋಗಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ವರದಿಯ ಇನ್ನೊಂದು ಸಾಲು. ತರಬೇಕು ಎಂದು ಪಟ್ಟಿ ಮಾಡಿಕೊಂಡಿದ್ದ ಕೆಲವು ವಸ್ತುಗಳನ್ನು ಅವರು ತರಲಿಲ್ಲ. ಅವುಗಳ ಸ್ಥಿತಿ, ಅವು ಇದ್ದ ಜಾಗ ನೋಡಿ ಬಿಟ್ಟು ಬಂದರು. ಅನುಮತಿ ಇತ್ತು, ಹಣ ಖರ್ಚಾಗಿತ್ತು, ಅಷ್ಟು ದೂರ ಹೋಗಿಯೂ ಆಗಿತ್ತು. ಆದರೂ ಬಿಟ್ಟು ಬಂದರು. ಆಳಕ್ಕೆ ಇಳಿಯುವವರ ನಿಜವಾದ ತರಬೇತಿ ಇದು.

ಮಕ್ಕಳೇ, ಈ ಕೆಲಸದಲ್ಲಿ ಬರೆಯದೆ ಎಲ್ಲರೂ ಪಾಲಿಸುವ ಒಂದು ನಿಯಮ ಇದೆ. ತಂಡದಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ "ಇವತ್ತು ಬೇಡ" ಅನ್ನಬಹುದು. ಹೇಳಿದವನು ಎಲ್ಲರಿಗಿಂತ ಚಿಕ್ಕವನಾಗಿದ್ದರೂ ಸರಿ, ಎಲ್ಲರೂ ವಾಪಸು. ಯಾಕೆ ಅಂದೆ ಎಂದು ಯಾರೂ ಕೆಣಕುವಂತಿಲ್ಲ, ಹೆದರುಪುಕ್ಕಲ ಅನ್ನುವಂತಿಲ್ಲ. ಎಷ್ಟು ಹೊತ್ತು ಇರಬೇಕು, ಎಷ್ಟು ಗಾಳಿ ಉಳಿದಾಗ ತಿರುಗಬೇಕು ಎಂಬುದನ್ನು ದಡದಲ್ಲೇ ಬುದ್ಧಿ ಸರಿ ಇರುವಾಗ ತೀರ್ಮಾನಿಸುತ್ತಾರೆ. ಕೆಳಗೆ ಹೋದ ಮೇಲೆ, ಇನ್ನೆರಡು ಮಾರು ಮುಂದೆ ಏನೋ ಕಾಣುತ್ತಿದೆ ಅನಿಸಿದಾಗ, ಆ ತೀರ್ಮಾನವನ್ನು ಮುರಿಯುವುದಿಲ್ಲ.

ಈ ಮಾತನ್ನು ನಿಮಗೆ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಸುತ್ತ ಕೆಲಸ ನಿಲ್ಲಿಸಿದ ಕಲ್ಲುಕ್ವಾರಿಗಳಲ್ಲಿ ನೀರು ನಿಂತಿದೆ, ಕೆರೆಯಲ್ಲಿ ಮಣ್ಣು ತೆಗೆದ ಗುಂಡಿಗಳಿವೆ. ರಜೆ ಬಂತೆಂದರೆ ಪೇಪರಿನಲ್ಲಿ ಇಂಥ ಸುದ್ದಿ ಓದುತ್ತೇವೆ. ಒಬ್ಬ ಮುಳುಗುತ್ತಾನೆ, ಅವನನ್ನು ಹಿಡಿಯಲು ಇನ್ನಿಬ್ಬರು ಇಳಿಯುತ್ತಾರೆ. ನಾನೂರು ಅಡಿಗೆ ಹೋಗುವವರು ಎಷ್ಟು ಯೋಚಿಸುತ್ತಾರೆ ಎಂದು ಕೇಳಿದಿರಿ. ಇಪ್ಪತ್ತಡಿ ನೀರಿಗೂ ಅಷ್ಟೇ ಮರ್ಯಾದೆ ಕೊಡಿ. ಗೆಳೆಯರಲ್ಲಿ ಒಬ್ಬ ಬೇಡ ಅಂದರೆ ಅವನನ್ನು ಗೇಲಿ ಮಾಡಬೇಡಿ. ಈಜು ಕಲಿಯಿರಿ, ದೊಡ್ಡವರಿದ್ದಾಗ ಕಲಿಯಿರಿ. ಮುಳುಗುವವನಿಗೆ ಹಗ್ಗ, ಬಿದಿರುಗಳ, ಖಾಲಿ ಕೊಡ ಏನಾದರೂ ಎಸೆಯಿರಿ, ಕೈ ಕೊಡಲು ಹಾರಬೇಡಿ. ಪಂಚಾಯಿತಿಯ ಸದಸ್ಯರು ಇಲ್ಲೇ ಇದ್ದೀರಿ. ಆ ಕ್ವಾರಿಗಳ ಸುತ್ತ ಬೇಲಿ, ಒಂದು ಉದ್ದ ಹಗ್ಗ, ಒಂದು ಟಯರು ಟ್ಯೂಬು ಈ ಬೇಸಿಗೆ ರಜೆಗೆ ಮುಂಚೆ ಆಗಬೇಕು ಎಂದು ಹಳೆಯ ವಿದ್ಯಾರ್ಥಿಗಳ ಪರವಾಗಿ ಕೇಳಿಕೊಳ್ಳುತ್ತೇನೆ. ಹಗ್ಗ, ಟ್ಯೂಬಿನ ಖರ್ಚು ನಮ್ಮ ಬ್ಯಾಚಿನದು.